ಮಲಾವಿಯ ಹುತ್ತದ ಮಣ್ಣು

ಶಿಗ್ಗಾಂವ

ಪರದೇಶಕ್ಕೆ ಹೋಗುವವರು ಉಪ್ಪಿನಕಾಯಿ ಒಯ್ಯುತ್ತಾರೆ, ಚಟ್ನಿಪುಡಿ ಒಯ್ಯುತ್ತಾರೆ. ಅವೆಲ್ಲ ನನ್ನ ಚೀಲದಲ್ಲೂ ಇದ್ದವು. ಅವುಗಳ ಜೊತೆಗೆ ಒಂದು ಗಂಟು ಮಣ್ಣನ್ನೂ ಕಟ್ಟಿಕೊಂಡಿದ್ದೆ.

ನಮ್ಮ ಕೆಲಸವೇ ಮಣ್ಣಿನದು. ಹಾನಗಲ್ ತಾಲ್ಲೂಕಿನ ನಮ್ಮೂರಲ್ಲಿ ನಾವೊಂದಿಷ್ಟು ಹೆಂಗಸರು ಸೇರಿ, ಸೋಸಿದ ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ, ಕೈಯಿಂದ ಎಳೆಯುವ ಮಷಿನ್ನಿನಲ್ಲಿ ಒತ್ತಿ ಇಟ್ಟಿಗೆ ಮಾಡುತ್ತೇವೆ. ಇದಕ್ಕೆ ಭಟ್ಟಿ ಬೇಡ, ಸುಡಲು ಕಟ್ಟಿಗೆ ಬೇಡ. ಒತ್ತಿ ತೆಗೆದದ್ದನ್ನು ನೆರಳಿನಲ್ಲಿ ಪೇರಿಸಿ, ಗೋಣಿತಟ್ಟು ಹೊದಿಸಿ, ಮೂರು ವಾರ ನೀರು ಹೊಡೆದರೆ ಸಾಕು. ಕಡಿಮೆ ಖರ್ಚಿನಲ್ಲಿ ಮನೆ ಆಗುತ್ತದೆಂದು ಹಿರೇಕೆರೂರಿನ ತನಕದ ಜನ ಬಂದು ನೋಡಿಕೊಂಡು ಹೋಗುತ್ತಾರೆ. ಹಾಗೆ ನೋಡಲು ಬಂದ ಒಂದು ಸಂಸ್ಥೆಯವರು ಆಫ್ರಿಕಾದ ಮಲಾವಿ ದೇಶದ ಒಂದು ಹಳ್ಳಿಯಲ್ಲಿ ಇದನ್ನು ಕಲಿಸಿಕೊಡಬೇಕೆಂದು ಕೇಳಿದಾಗ, ನಾನು ಹೂಂ ಎಂದದ್ದು ಹೇಗೆಂದು ನನಗೆ ಈಗಲೂ ತಿಳಿಯುತ್ತಿಲ್ಲ. ನಾನು ಹುಬ್ಬಳ್ಳಿಗೆ ಹೋದರೂ ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ಫೋನು ಮಾಡುವವಳು.

ಪುಣ್ಯಕ್ಕೆ ಜೊತೆಗೆ ಹಸೀನಾಬಿ ಇದ್ದಳು. ಹುಲಗೂರಿನವಳು, ದರ್ಗಾದ ಹಿಂದಿನ ಓಣಿಯಲ್ಲಿ ಹುಟ್ಟಿ ನಮ್ಮೂರಿಗೆ ಸೊಸೆಯಾಗಿ ಬಂದವಳು. ವಯಸ್ಸಿನಲ್ಲಿ ನನಗಿಂತ ದೊಡ್ಡವಳು, ಮಷಿನ್ನಿನ ಹಿಡಿಕೆ ಎಳೆಯುವುದರಲ್ಲಿ ನಮ್ಮೆಲ್ಲರಿಗಿಂತ ಗಟ್ಟಿ. ಆಕಾಶ ಕಳಚಿ ಬಿದ್ದರೂ ಮೊದಲು ಎಲೆ ಅಡಿಕೆ, ಆಮೇಲೆ ವಿಚಾರ ಎನ್ನುವ ಪೈಕಿ. ಸವಣೂರಿನ ಎಲೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಕೂಸಿನಂತೆ ಎದೆಗವಚಿಕೊಂಡು ನಿಂತಿದ್ದಳು.

ಮುಂಬೈ ಬಸ್ಸು ಶಿಗ್ಗಾಂವಕ್ಕೆ ಬರುವುದು ತಡವಾಯಿತು. ವಿಮಾನ ಇದ್ದದ್ದು ಮರುದಿನ. ಅದು ನನ್ನನ್ನು ಬಿಟ್ಟು ಹಾರಿಹೋದಂತೆ, ಊರವರೆಲ್ಲ ನಕ್ಕಂತೆ ನಾನು ಆಗಲೇ ಕಂಡು ಮುಗಿಸಿದ್ದೆ.

“ಇನ್ನೂ ಶಿಗ್ಗಾಂವ ದಾಟಿಲ್ಲ ಗಿರಿಜವ್ವ,” ಎಂದಳು ಹಸೀನಾಬಿ. “ಇಲ್ಲೇ ಇಷ್ಟ ಹೆದರಿದ್ರ, ಅಲ್ಲಿಗೆ ಹೋಗೂದ್ರಾಗ ನಿನ್ನ ಹೆದರಿಕಿ ಎಲ್ಲಾ ಖಾಲಿ ಆಗ್ತೈತಿ ಬಿಡು.”

ಖಾಲಿ ಆಗಲಿಲ್ಲ.

ಲಿಲಾಂಗ್ವೆ

ಮಲಾವಿಯ ವಿಮಾನ ನಿಲ್ದಾಣದಲ್ಲಿ ನನ್ನ ಚೀಲ ಬಿಚ್ಚಿದರು. ಚಟ್ನಿಪುಡಿ ಮೂಸಿ ನೋಡಿ ಬದಿಗಿಟ್ಟ ಅಧಿಕಾರಿ ಮಣ್ಣಿನ ಗಂಟಿಗೆ ಬಂದು ನಿಂತ. ಇದೇನು ಎಂದು ಇಂಗ್ಲಿಷಿನಲ್ಲಿ ಕೇಳಿದ. ಕಾಲೇಜಿನಲ್ಲಿ ಕಲಿತ ಇಂಗ್ಲಿಷ್ ಆ ಹೊತ್ತಿಗೆ ಸರಿಯಾಗಿ ಕೈಕೊಟ್ಟಿತು. ಮಣ್ಣು, ನಮ್ಮೂರಿನದು ಎಂದಷ್ಟೇ ಹೇಳಲು ಬಂತು. ಯಾಕೆ ಎಂದ. ಯಾಕೆ ಎಂಬುದನ್ನು ಹೇಳಲು ನನಗೆ ಕನ್ನಡವೇ ಬೇಕಿತ್ತು.

ನಮ್ಮ ಸೀಮೆಯಲ್ಲಿ ಎರಡು ಹೆಜ್ಜೆಗೊಂದು ಮಣ್ಣು. ಸವಣೂರಿನ ಕಡೆಯ ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ, ಇಟ್ಟಿಗೆಗೆ ಆಗಿಬರುವುದಿಲ್ಲ. ನಮ್ಮೂರಿನ ಕೆಂಪು ಮಸಾರಿ ಹೇಳಿದ ಮಾತು ಕೇಳುತ್ತದೆ. ಹೊಸ ಜಾಗದ ಮಣ್ಣನ್ನು ಒಂದು ಅಂಗೈಯಲ್ಲಿ, ನಮ್ಮದನ್ನು ಇನ್ನೊಂದರಲ್ಲಿ ಹಿಡಿದು ತಿಕ್ಕಿ ನೋಡಿದರೆ ನನಗೊಂದು ಧೈರ್ಯ. ಅಷ್ಟಕ್ಕೆ ತಂದಿದ್ದೆ.

ಅಧಿಕಾರಿ ಇನ್ನೊಬ್ಬನನ್ನು ಕರೆದ, ಅವನು ಮತ್ತೊಬ್ಬಳನ್ನು ಕರೆದ. ಇಲ್ಲಿಯ ಜೈಲಿನಲ್ಲಿ ಊಟಕ್ಕೆ ಏನು ಕೊಡುತ್ತಾರೋ ಎಂಬಲ್ಲಿಯವರೆಗೆ ನನ್ನ ತಲೆ ಓಡಿತು. ಕೊನೆಗೆ ಬಂದಾಕೆ ಸಮಾಧಾನದಿಂದ ತಿಳಿಸಿ ಹೇಳಿದಳು: ಹೊರಗಿನ ಮಣ್ಣಿನಲ್ಲಿ ಬೆಳೆಗೆ ರೋಗ ತರುವಂಥದ್ದು ಇರಬಹುದು, ಒಳಗೆ ಬಿಡುವಂತಿಲ್ಲ. ಅವಳ ಮಾತು ನ್ಯಾಯವಾಗಿಯೇ ಇತ್ತು. ನನ್ನ ಗಂಟು ಕಸದ ಡಬ್ಬಿಗೆ ಹೋಯಿತು. ನಾನು ಬರಿಗೈಯಲ್ಲಿ ಆ ದೇಶದೊಳಗೆ ಕಾಲಿಟ್ಟೆ.

ಹಳ್ಳಿ

ಹಳ್ಳಿಯ ದಾರಿ ನೋಡಿ ಒಂದು ಗಳಿಗೆ ಮೋಸ ಹೋದೆ. ಕೆಂಪು ಮಣ್ಣು, ಅಲ್ಲಲ್ಲಿ ಮಾವಿನ ಮರ, ಗೋವಿನಜೋಳ ಬಿತ್ತಲು ಹದ ಮಾಡಿಟ್ಟ ಹೊಲ. ಹಿರೇಕೆರೂರಿನ ಕಡೆ ಎಲ್ಲೋ ಬಸ್ಸಿಳಿದಂತೆ ಅನಿಸಿತು. ಆದರೆ ಎತ್ತುಗಳೇ ಇರಲಿಲ್ಲ, ಹೊಲವನ್ನೆಲ್ಲ ಗುದ್ದಲಿಯಿಂದ ಅಗೆದಿದ್ದರು.

ಅಲ್ಲಿ ಮಾತು ಶುರುವಾಗಬೇಕಾದರೆ ಮೊದಲು ಕುಶಲ ಕೇಳಬೇಕು. ಎಲ್ಲರನ್ನೂ ಸೇರಿಸಿ ಒಂದೇ ಸಲ ಕೇಳಿದರೆ ಆಗದು, ಒಬ್ಬೊಬ್ಬರನ್ನೇ ಕೇಳಬೇಕು. ಅವರು ಉತ್ತರ ಹೇಳಿ ತಿರುಗಿ ಕೇಳುವ ತನಕ ನಿಲ್ಲಬೇಕು. ಹೆಂಗಸರು ಮೊಣಕಾಲೂರಿ, ಅಂಗೈ ಗುಳಿ ಮಾಡಿ ಮೆಲ್ಲಗೆ ಚಪ್ಪಾಳೆ ತಟ್ಟುತ್ತಿದ್ದರು. ಅತ್ತೆಯ ಮುಂದೆ ಬಗ್ಗಿ ಗೊತ್ತಿದ್ದ ನನಗೆ, ಬೇರೆಯವರು ನನ್ನ ಮುಂದೆ ಮೊಣಕಾಲೂರುವುದು ನೋಡಿ ಎಲ್ಲಿ ನಿಲ್ಲಬೇಕೆಂದೇ ತಿಳಿಯದೆ ನಾನೂ ಕೂತುಬಿಟ್ಟೆ. ಅವರು ಇನ್ನೂ ಬಗ್ಗಿದರು. ಹಸೀನಾಬಿ ಕೈ ಹಿಡಿದು ಎಬ್ಬಿಸದಿದ್ದರೆ ಎಲ್ಲರೂ ನೆಲಕ್ಕೆ ಮಲಗುತ್ತಿದ್ದೆವೇನೋ.

ಊಟಕ್ಕೆ ಮೊದಲು ಒಬ್ಬಳು ತಂಬಿಗೆಯಿಂದ ನಮ್ಮ ಕೈಗೆ ನೀರು ಹಾಕಿದಳು. ಗೋವಿನಜೋಳದ ಹಿಟ್ಟಿನ ಬಿಳಿ ಮುದ್ದೆ, ಥೇಟ್ ನಮ್ಮ ಸಂಗಟಿ. ಜೊತೆಗೆ ಕುಂಬಳದೆಲೆಯ ಪಲ್ಯ, ಅದಕ್ಕೆ ಶೇಂಗಾಪುಡಿ. ಅದನ್ನು ತಿಂದಾಗ ಮಾತ್ರ ನಮ್ಮೂರು ಸ್ವಲ್ಪ ಹತ್ತಿರ ಬಂದಂತಾಯಿತು.

ನೀರು ಹಾಕಿದವಳೇ ಎಸ್ನಾತ್, ಅಲ್ಲಿಯ ಹೆಂಗಸರ ಗುಂಪಿನ ಮುಂದಾಳು. ಎತ್ತರದ ಹೆಂಗಸು, ಮಾತು ಕಡಿಮೆ. ಅವಳ ಮಾತನ್ನು ನಮಗೆ ಇಂಗ್ಲಿಷಿನಲ್ಲಿ ತಿಳಿಸುತ್ತಿದ್ದವಳು ಊರಿನ ಸಣ್ಣ ಆಸ್ಪತ್ರೆಯ ನರ್ಸು ಮರ್ಸಿ. ನಾನು ಅದನ್ನು ಹಸೀನಾಬಿಗೆ ನಮ್ಮ ಮಾತಿನಲ್ಲಿ ಹೇಳುತ್ತಿದ್ದೆ. ಹಾಗಾಗಿ ಎಸ್ನಾತಳ ಮಾತು ಈಗಲೂ ನನ್ನ ನೆನಪಿನಲ್ಲಿರುವುದು ನಮ್ಮ ಕಡೆಯ ಮಾತಾಗಿಯೇ.

ನಾವು ಕಟ್ಟಬೇಕಾದದ್ದು ಒಂದೇ ಕೋಣೆ. ಮಳೆ ಹಿಡಿದರೆ ಸುತ್ತಲಿನ ಹಳ್ಳಿಗಳಿಗೂ ಆಸ್ಪತ್ರೆಗೂ ನಡುವಿನ ಹೊಳೆ ತುಂಬಿ ದಾರಿ ಕಡಿಯುತ್ತದೆ. ಅದಕ್ಕೆ ದಿನ ಹತ್ತಿರವಾದ ಬಸುರಿಯರು ಮೊದಲೇ ಬಂದು ಆಸ್ಪತ್ರೆಯ ಪಡಸಾಲೆಯಲ್ಲಿ ಮಲಗಿ ಕಾಯುತ್ತಾರೆ, ಇರಚಲು ಹೊಡೆದರೆ ಎದ್ದು ಕೂರುತ್ತಾರೆ. ಕೋಣೆ ಅವರಿಗಾಗಿ. ಊರ ಹಿರಿಯರು ಉಳಿದ ಮಾವಿನ ಮರಗಳನ್ನು ಕಡಿದು ಭಟ್ಟಿ ಹಾಕಿ ಇಟ್ಟಿಗೆ ಸುಡೋಣ ಎಂದಿದ್ದರಂತೆ. ಎಸ್ನಾತ್ ಒಬ್ಬಳೇ ಎದ್ದು ನಿಂತು, ಮರ ಕಡಿಯುವುದು ಬೇಡ, ಸುಡದ ಇಟ್ಟಿಗೆಯಿಂದಲೇ ಮಳೆಗೆ ಮೊದಲು ಕೋಣೆ ಎಬ್ಬಿಸುತ್ತೇನೆ ಎಂದು ಎಲ್ಲರೆದುರು ಮಾತು ಕೊಟ್ಟಿದ್ದಳು. ಅವಳ ಮಗಳು ತಿಯಾಮಿಕೆ ಏಳು ತಿಂಗಳ ಬಸುರಿ. ನನ್ನತ್ತ ಒಮ್ಮೆ ನೋಡಿ ತಲೆ ತಗ್ಗಿಸಿದ ಆ ಹುಡುಗಿಯನ್ನು ಕಂಡ ಮೇಲೆ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ.

ಹುತ್ತದ ಎದುರು

ಆಸ್ಪತ್ರೆಯ ಹಿಂದಿನ ಮಣ್ಣನ್ನು ಬಾಟಲಿಯಲ್ಲಿ ಹಾಕಿ, ನೀರು ತುಂಬಿ, ಕುಲುಕಿ ಇಟ್ಟೆವು. ತಿಳಿಯಾದ ಮೇಲೆ ನೋಡಿದರೆ ಕೆಳಗೆಲ್ಲ ಮರಳು, ಮೇಲೆ ಜಿಗುಟು ಮಣ್ಣಿನ ತೆಳು ಪದರ. ಬಣ್ಣ ನಮ್ಮ ಮಸಾರಿಯದು, ಗುಣ ಬೇರೆ. ಜಿಗುಟು ಕಡಿಮೆಯಾದರೆ ಇಟ್ಟಿಗೆ ಕಚ್ಚಿಕೊಳ್ಳುವುದಿಲ್ಲ. ಅಂಟುವ ಮಣ್ಣು ಹತ್ತಿರದಲ್ಲಿ ಎಲ್ಲಿದೆ ಎಂದು ಕೇಳಿದೆ. ಎಸ್ನಾತಳ ಮುಖ ಅರಳಿತು. ಗುದ್ದಲಿ ಹೆಗಲಿಗೇರಿಸಿ ನಮ್ಮನ್ನು ಕರೆದೊಯ್ದಳು.

ಕರೆದೊಯ್ದದ್ದು ಒಂದು ಹುತ್ತದ ಮುಂದೆ. ಎರಡಾಳೆತ್ತರದ ಹುತ್ತ. ಅವರು ತಲೆಮಾರುಗಳಿಂದ ಇಟ್ಟಿಗೆಗೆ ಹುತ್ತದ ಮಣ್ಣನ್ನೇ ಬಳಸುವವರು.

ನನಗೇ ತಿಳಿಯದಂತೆ ಚಪ್ಪಲಿ ಬಿಟ್ಟೆ. ಪಕ್ಕಕ್ಕೆ ತಿರುಗಿದರೆ ಹಸೀನಾಬಿಯೂ ಬಿಟ್ಟಿದ್ದಳು.

“ನೀ ಯಾಕ ಬಿಟ್ಟಿ?” ಎಂದೆ.

“ನಾನೂ ನಿಮ್ಮ ಓಣ್ಯಾಗ ಇದ್ದಾಕಿ. ಹುತ್ತಕ್ಕ ಗುದ್ದಲಿ ಹಾಕಂದ್ರ ನನ್ನ ಕೈಗೂ ಬರೂದಿಲ್ಲ,” ಎಂದಳು. ಅವಳ ದನಿಯಲ್ಲೂ ಮೊದಲ ಸಲ ಅಳುಕು ಕೇಳಿತು.

ಏನಾಯಿತೆಂದು ಮರ್ಸಿ ಕೇಳಿದಳು. ನಮ್ಮ ದೇಶದಲ್ಲಿ ಇದು ನಾಗಪ್ಪನ ಮನೆ, ಪಂಚಮಿಗೆ ಹಾಲೆರೆಯುತ್ತೇವೆ, ಅಗೆದವರ ಮನೆಗೆ ಕೇಡು ಎಂದು ನಂಬುತ್ತೇವೆ ಎಂದು ನಾನು ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಎಸ್ನಾತ್ ಪೂರ್ತಿ ಕೇಳಿಸಿಕೊಂಡಳು. ಗುದ್ದಲಿಯನ್ನು ಹೆಗಲಿಂದ ಇಳಿಸಿ, ಹುತ್ತದಿಂದ ದೂರ ಒಯ್ದು ಒರಗಿಸಿದಳು. ಮರುದಿನ ನೋಡಿದರೆ ಹುತ್ತದ ಸುತ್ತ ಮುಳ್ಳುಬೇಲಿ ಬಿದ್ದಿತ್ತು. ಅತಿಥಿಗಳ ದೇವರು ಇಲ್ಲಿದ್ದಾನೆ, ಆಡು ಸಹ ಹತ್ತಬಾರದು ಎಂದು ಊರಿಗೆಲ್ಲ ಹೇಳಿಯಾಗಿತ್ತಂತೆ.

ನನಗೆ ಹಗುರವಾಯಿತು, ಸುಳ್ಳೇಕೆ ಹೇಳಲಿ. ಒಂದು ಪಾಲು ಸಿಮೆಂಟು ಜಾಸ್ತಿ ಹಾಕಿದರೆ ಮರಳು ಮಣ್ಣೂ ನಿಂತೀತು ಎಂದು ನನಗೆ ನಾನೇ ಹೇಳಿಕೊಂಡು ಕೆಲಸ ಹಚ್ಚಿದೆ.

ಮೂಲೆಗಳು

ಮಷಿನ್ನನ್ನೂ ಸಿಮೆಂಟನ್ನೂ ಸಂಸ್ಥೆಯವರು ಮೊದಲೇ ತರಿಸಿಟ್ಟಿದ್ದರು, ಕೆಲಸ ಭರದಿಂದ ಸಾಗಿತು. ಹಸೀನಾಬಿ ಹಿಡಿಕೆ ಎಳೆಯುವುದನ್ನು ಕಲಿಸಿದಳು, ಹೆಂಗಸರು ಬೇಗ ಕಲಿತರು. ಒಂದು ವಿಷಯದಲ್ಲಿ ಮಾತ್ರ ಅವರಿಗೆ ನಮ್ಮ ಮೇಲೆ ನಂಬಿಕೆ ಬರಲಿಲ್ಲ. ಸುಡದ ಹಸಿ ಇಟ್ಟಿಗೆಗೆ ನೀರು ತಾಗಿದರೆ ಕರಗಿತು ಎಂಬುದು ಅವರು ಹುಟ್ಟಿದಂದಿನಿಂದ ಕಂಡದ್ದು. ನಾನು ಕೊಡ ಎತ್ತಿ ಇಟ್ಟಿಗೆಗಳ ಮೇಲೆ ನೀರು ಹೊಡೆಯುವಾಗ ಇಬ್ಬರು ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದರು. ಕೂಸಿಗೆ ಮೊದಲ ನೀರು ಹಾಕುವಾಗ ಅದರ ತಾಯಿ ತಿರುಗಿಸಿಕೊಳ್ಳುವ ಹಾಗೆ.

ಮೂರು ವಾರವಾದ ಮೇಲೆ ಮೊದಲ ಇಟ್ಟಿಗೆ ಎತ್ತಿದೆ. ಅದರ ಮೂಲೆ ನನ್ನ ಬೆರಳುಗಳಲ್ಲೇ ಉಳಿಯಿತು. ಇನ್ನೊಂದು ಎತ್ತಿದೆ, ಅದರ ಅಂಚೂ ಪುಡಿಪುಡಿ. ಯಾರಿಗೂ ಹೇಳದೆ ಒಂದನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿಟ್ಟೆ. ಬೆಳಗ್ಗೆ ನೋಡಿದರೆ ಮಧ್ಯದ ಗಟ್ಟಿ ಉಳಿದಿತ್ತು, ಸುತ್ತಲಿನದು ಕೆಸರಾಗಿ ತಳದಲ್ಲಿ ಕೂತಿತ್ತು.

ತಲೆ ಎತ್ತಿದರೆ ಎಸ್ನಾತ್ ನಿಂತಿದ್ದಳು. ಲಂಗದ ಮೇಲೆ ಸೊಂಟಕ್ಕೆ ಸುತ್ತಿಕೊಂಡಿದ್ದ ಬಟ್ಟೆ ಬಿಚ್ಚಿ ಬಕೆಟ್ಟಿನ ಮೇಲೆ ಹೊದಿಸಿದಳು. ಅತ್ತಲಿಂದ ಊರ ಹಿರಿಯರು ಬರುತ್ತಿದ್ದರು. ಅವರು ಹೋಗುವ ತನಕ ಬಕೆಟ್ಟಿನ ಪಕ್ಕದಲ್ಲೇ ನಿಂತು ಅವರ ಕುಶಲ ವಿಚಾರಿಸಿದಳು, ಅವರ ಆಡುಗಳ ಕುಶಲವನ್ನೂ ವಿಚಾರಿಸಿದಳು.

ಸಿಮೆಂಟು ಅರ್ಧ ಮುಗಿದಿತ್ತು. ದಕ್ಷಿಣದಲ್ಲಿ ಮಧ್ಯಾಹ್ನದ ಹೊತ್ತು ಮೋಡ ಕಾಣತೊಡಗಿತ್ತು. ನನ್ನ ಮುಂದೆ ಇದ್ದದ್ದು ಒಂದೇ ದಾರಿ. ಹುತ್ತ ಅಗೆಯೋಣ ಎಂದು ಎಸ್ನಾತಳಿಗೆ ಹೇಳಿದೆ. ಅವಳು ಸುತಾರಾಂ ಒಪ್ಪಲಿಲ್ಲ.

“ನಿಮ್ಮ ದೇವರ ಮನಿಗೆ ನಾ ಗುದ್ದಲಿ ಹಾಕೂದಿಲ್ಲ,” ಎಂದಳು. “ದೂರದಿಂದ ಬಂದೀ. ನಿನಗ ಏನರ ಆತಂದ್ರ ನಿಮ್ಮ ಮನಿಯವರಿಗೆ ನಾ ಏನಂತ ಹೇಳ್ಲಿ?”

ಬೇಲಿ ಹಾಕಿದವಳು ಅವಳಾದರೂ ಹಾಕಿಸಿದವಳು ನಾನೇ. ಎಲೆ ಎಂದೋ ಮುಗಿದಿದ್ದವು, ಹಸೀನಾಬಿ ಎರಡು ಅಡಿಕೆ ಒಟ್ಟಿಗೆ ಬಾಯಿಗಿಟ್ಟಳು. ಅವಳು ಹಾಗೆ ಮಾಡಿದರೆ ನನಗೆ ಇನ್ನೂ ಗಾಬರಿ.

ಅತ್ತೆಗೆ ಫೋನು

ಗುಡ್ಡದ ಮೇಲೆ ಹೋದರೆ ಮಾತ್ರ ಫೋನು ಸಿಗುತ್ತಿತ್ತು. ಹತ್ತಿ ಹೋಗಿ ಮನೆಗೆ ಹಚ್ಚಿದೆ. ಗಂಡನಿಗೆ ಹೇಳಿದರೆ ನನಗಿಂತ ಹೆಚ್ಚು ಹೆದರುತ್ತಾರೆಂದು ಅತ್ತೆಗೇ ಫೋನು ಕೊಡಿಸಿದೆ. ನನ್ನ ಅತ್ತೆ ಸೋಮವಾರ ತಪ್ಪಿಸುವವರಲ್ಲ, ಪಂಚಮಿಯ ದಿನ ಹೆಂಚು ಸಹ ಒಲೆಯ ಮೇಲಿಡಲು ಬಿಡುವವರಲ್ಲ. ಬೈಸಿಕೊಳ್ಳಲು ತಯಾರಾಗಿಯೇ ಎಲ್ಲ ಹೇಳಿದೆ: ಹುತ್ತ, ಉದುರಿದ ಮೂಲೆ, ಪಡಸಾಲೆಯ ಬಸುರಿಯರು.

ಅತ್ತೆ ಬೈಯಲಿಲ್ಲ.

“ಪಂಚಮಿಗೆ ಮಣ್ಣಿನ ನಾಗಪ್ಪನ್ನ ಮಾಡ್ತೇವಲ್ಲ,” ಎಂದರು. “ಆ ಮಣ್ಣು ಎಲ್ಲಿಂದ ಬರ್ತೈತಿ ಅಂತ ತಿಳದೀ? ನಾನ ಹೋಗಿ ಹುತ್ತದ್ದ ತರ್ತೇನಿ. ಕೇಳಿ ತರ್ತೇನಿ. ನೀನೂ ಕೇಳಿ ತಗೋ. ಹಾಲಿಲ್ಲಂದ್ರ ನೀರ ಹಾಕು. ಬಸರಿ ಹೆಣ್ಮಕ್ಕಳು ಇರೂ ಜಾಗಾಕ ಅಂತ ಹೇಳು, ಅಂವ ಇಲ್ಲ ಅನ್ನೂದಿಲ್ಲ.”

ಮದುವೆಯಾಗಿ ಇಷ್ಟು ವರ್ಷವಾಗಿದ್ದರೂ ಪಂಚಮಿಯ ಮಣ್ಣು ಎಲ್ಲಿಂದ ಬರುತ್ತದೆಂದು ನಾನು ಕೇಳಿಯೇ ಇರಲಿಲ್ಲ. ಗುಡ್ಡ ಇಳಿಯುವಾಗ ಅತ್ತೆಯ ಮೇಲೆ ಅಪಾರ ಪ್ರೀತಿ ಉಕ್ಕಿತು. ಹೆದರಿಕೆ ಮಾತ್ರ ಅಲ್ಲೇ ಇತ್ತು.

ಮೊದಲ ಪೆಟ್ಟು

ಅತ್ತೆಯ ಮಾತು ತಿಳಿಸಿದ ಮೇಲೆ ಬೇಲಿ ತೆಗೆಯಲು ಎಸ್ನಾತ್ ಒಪ್ಪಿದಳು, ಒಂದು ಷರತ್ತಿನ ಮೇಲೆ. ಮೊದಲ ಪೆಟ್ಟು ನನ್ನದೇ ಆಗಬೇಕು. ನನ್ನ ದೇವರು ನನಗೆ ಏನೂ ಮಾಡದಿದ್ದರೆ ಉಳಿದವರಿಗೂ ಮಾಡುವುದಿಲ್ಲ ಎಂಬುದು ಅವಳ ಲೆಕ್ಕ. ಊರಿಗೆ ಊರೇ ನೋಡಲು ನೆರೆಯಿತು.

ಚಪ್ಪಲಿ ಬಿಟ್ಟು ಹತ್ತಿರ ಹೋದೆ. ತಂಬಿಗೆಯ ನೀರನ್ನು ಹುತ್ತದ ಮೇಲೆ ಹಾಕಿದೆ. ಅತ್ತೆ ಹೇಳಿಕೊಟ್ಟಂತೆ ಕೇಳಿಕೊಂಡೆ, ಗಂಡ ಮಕ್ಕಳ ಹೆಸರು ಹೇಳಿ ಅವರನ್ನು ಮುಟ್ಟಬೇಡ ಎಂದೂ ಸೇರಿಸಿದೆ. ಹಸೀನಾಬಿ ಹಿಂದೆ ನಿಂತು ತನ್ನ ರೀತಿಯಲ್ಲಿ ಏನೋ ಪಠಿಸುತ್ತಿದ್ದಳು. ಆಮೇಲೆ ಕಣ್ಣು ಮುಚ್ಚಿ ಗುದ್ದಲಿ ಬೀಸಿದೆ. ಹುತ್ತ ಎಷ್ಟು ಗಟ್ಟಿಯೆಂದರೆ ಗುದ್ದಲಿ ಪುಟಿದು ಬಂತು. ಮೂರನೆಯ ಪೆಟ್ಟಿಗೆ ಒಂದು ಹೆಂಟೆ ಕಳಚಿತು. ಒಳಗಿಂದ ಗೆದ್ದಲು ಚದುರಿ ಓಡಿದವು, ಹಾವು ಬರಲಿಲ್ಲ. ಹಿಂದೆ ಸರಿಯುವಾಗ, ಕಿತ್ತು ಬದಿಗಿಟ್ಟಿದ್ದ ಬೇಲಿಯ ಮುಳ್ಳು ಕಾಲಿಗೆ ತರಚಿತು. ಕಚ್ಚಿಯೇ ಬಿಟ್ಟಿತು ಎಂದು ನಾನು ಕೂತುಬಿಟ್ಟೆ. ಮರ್ಸಿ ಗಾಯ ತೊಳೆದು, ಇದು ಮುಳ್ಳು ಎಂದು ಎರಡೆರಡು ಸಲ ಹೇಳಬೇಕಾಯಿತು.

ಹೆಂಟೆಯನ್ನು ನೆನೆಸಿ ಉಂಡೆ ಕಟ್ಟಿದೆ. ಎಂಥ ಜಿಗುಟು! ಮರಳು ಮಣ್ಣಿಗೆ ಅದನ್ನು ಬೆರೆಸಿ ಒತ್ತಿದ ಇಟ್ಟಿಗೆಯ ಅಂಚುಗಳು ಕತ್ತರಿಸಿದಂತೆ ಬಂದವು. ಮತ್ತೆ ನೀರು, ಮತ್ತೆ ಕಾಯುವುದು. ಮೋಡ ದಿನದಿನಕ್ಕೆ ದಪ್ಪವಾಗುತ್ತಿತ್ತು. ತಿಯಾಮಿಕೆಯ ಹೊಟ್ಟೆ ಕೆಳಗಿಳಿಯುತ್ತಿತ್ತು.

ಒಂದು ಗೋಡೆ

ಹುತ್ತದ ಮಣ್ಣಿನ ಇಟ್ಟಿಗೆ ಮೂರು ಗೋಡೆಗೆ ಸಾಕಾಯಿತು. ಅಷ್ಟರಲ್ಲಿ ಸಿಮೆಂಟು ಮುಗಿಯಿತು. ಬುನಾದಿಗೆ ಹಿರಿಯರು ಒಂದು ಹಳೆಯ ಮನೆಯ ಸುಟ್ಟ ಇಟ್ಟಿಗೆಗಳನ್ನು ಕೊಟ್ಟರು. ನಾಲ್ಕನೆಯ ಗೋಡೆಗೆ ಮೊದಲು ಮಾಡಿದ ಮರಳಿನವೇ ಗತಿ. ಇದ್ದುದರಲ್ಲಿ ಗಟ್ಟಿಯಾದವನ್ನು ಆರಿಸಿ, ಮಳೆ ಅಷ್ಟಾಗಿ ಬೀಳದು ಎಂದು ಎಸ್ನಾತ್ ತೋರಿಸಿದ ಬದಿಗೆ ಕಟ್ಟಿದೆವು. ಚಾವಣಿಯ ತಗಡನ್ನು ಆ ಕಡೆಗೆ ಮೊಳವೊಂದು ಮುಂದೆ ಚಾಚಿದೆವು. ಬಾಗಿಲು ಇನ್ನೂ ಕೂಡಿಸಿರಲಿಲ್ಲ.

ಪಡಸಾಲೆಯ ಬಸುರಿಯರನ್ನು ಕರೆತರೋಣವೇ ಎಂದು ಮರ್ಸಿ ಕೇಳಿದಳು. ಬೇಡ, ಆ ಗೋಡೆ ಒಂದು ಮಳೆ ಕಾಣಲಿ ಎಂದೆ.

ಮಳೆ ಬಂದದ್ದು ಮರುದಿನ ಮಧ್ಯಾಹ್ನ, ಗಾಳಿಯನ್ನು ಕಟ್ಟಿಕೊಂಡು, ಅದೂ ಬೀಳದು ಎಂದ ಬದಿಯಿಂದಲೇ. ಚಾಚಿದ ತಗಡಿನ ಕೆಳಗೆ ನುಗ್ಗಿ ನೇರ ಆ ಗೋಡೆಗೆ ಹೊಡೆಯಿತು. ನಾನು ಆಸ್ಪತ್ರೆಯ ಮೂಲೆಯಲ್ಲಿ ನಿಂತು ನೋಡುತ್ತಿದ್ದೆ. ಅಂಗಳದಲ್ಲಿ ಹರಿಯುವ ನೀರೆಲ್ಲ ಕೆಂಪು. ನೆಲದ ಕೆಂಪೋ, ಗೋಡೆ ಕರಗಿದ ಕೆಂಪೋ ಹೇಗೆ ಹೇಳುವುದು?

ಅಷ್ಟರಲ್ಲಿ ಎಸ್ನಾತ್, ಸಿಮೆಂಟಿಗೆ ಮುಚ್ಚುತ್ತಿದ್ದ ಪ್ಲಾಸ್ಟಿಕ್ ಹಾಳೆಯನ್ನು ಇಬ್ಬರಿಗೂ ಹೊದೆದು, ಮಗಳ ಕೈ ಹಿಡಿದುಕೊಂಡು ಅಂಗಳ ದಾಟಿ ಕೋಣೆಯೊಳಗೆ ಹೋದಳು. ನಾನೂ ಇನ್ನೊಂದು ಹಾಳೆ ಹೊದ್ದು, ಬೇಡ ಬೇಡ ಎಂದು ಹಿಂದೆ ಓಡಿದೆ. ಒಳಗೆ ಅವಳು ಹುತ್ತದ ಮಣ್ಣಿನ ಗೋಡೆಯ ಕಡೆ ಚಾಪೆ ಹಾಸಿ ಮಗಳನ್ನು ಮಲಗಿಸಿದಳು. ತಾನು ಹೋಗಿ ಎದುರಿನ ಆ ಮರಳು ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿ ಕೂತಳು. ಮಾತು ಕೊಟ್ಟವಳು ಅವಳು, ಬಿದ್ದರೆ ಮೊದಲು ಅವಳ ಮೇಲೆಯೇ ಬೀಳಲಿ ಎಂಬಂತೆ. ಎದ್ದೇಳೆಂದು ನಾನು ಕೈಸನ್ನೆ ಮಾಡಿದೆ. ಅವಳು ಪಕ್ಕದ ನೆಲ ತಟ್ಟಿ ತೋರಿಸಿದಳು.

ನನ್ನ ಹಿಂದೆಯೇ ತೊಯ್ದುಕೊಂಡು ಬಂದ ಹಸೀನಾಬಿ, ಸೀರೆಯ ಸೆರಗು ಹಿಂಡಿ, ಹೋಗಿ ಎಸ್ನಾತಳ ಆಚೆ ಬದಿಗೆ ಕೂತಳು.

“ಬಾ, ಕುಂದ್ರು,” ಎಂದಳು ನನಗೆ. “ನೀ ನಿಂತು ನೋಡಿದ್ರ ಗೋಡಿ ಗಟ್ಟಿ ಆಗೂದಿಲ್ಲ.”

ಕೂತೆ. ತಗಡಿನ ಮೇಲಿನ ಸದ್ದಿಗೆ ಪಕ್ಕದವರ ಮಾತೂ ಕೇಳುವಂತಿರಲಿಲ್ಲ. ಬೆನ್ನಿಗೆ ಗೋಡೆ ತಾಗಿದೊಡನೆ ಅದು ಅಲುಗಿದಂತೆ ಅನಿಸಿತು, ಅಲುಗಿದ್ದು ನಾನೇ. ಎದುರಿಗೆ ತಿಯಾಮಿಕೆ ನಮ್ಮ ಮೂವರನ್ನೂ ನೋಡುತ್ತ ಮಲಗಿದ್ದಳು. ನಾನು ಅತ್ತೆಯ ನಾಗಪ್ಪನನ್ನೂ ಹುಲಗೂರಿನ ದರ್ಗಾವನ್ನೂ ಬಾಯಿಗೆ ಬಂದ ಎಲ್ಲ ದೇವರನ್ನೂ ನೆನೆದೆ. ಆ ಮಳೆ ಎಷ್ಟು ಹೊತ್ತು ಸುರಿಯಿತೋ ತಿಳಿಯದು.

ಮಳೆ ನಿಂತಾಗ ಎಸ್ನಾತ್ ಮೊದಲು ಎದ್ದಳು. ಗೋಡೆ ನೋಡುವ ಧೈರ್ಯ ನನಗೆ ಬರಲಿಲ್ಲ. ಅವಳ ಬೆನ್ನು ಮುಟ್ಟಿ ನೋಡಿದೆ. ಕುಪ್ಪಸ ಒಣಗಿಯೇ ಇತ್ತು, ಮಣ್ಣಿನ ಧೂಳು ಬಿಟ್ಟರೆ ಏನೂ ಇಲ್ಲ. ಅವಳು ನನ್ನನ್ನು ತಿರುಗಿಸಿ ನನ್ನ ಬೆನ್ನು ಮುಟ್ಟಿದಳು. ಅವಳ ಕೈ ಅಲ್ಲೇ ನಿಂತಿತು. ನನ್ನ ಕುಪ್ಪಸ ಹಿಂಡುವಷ್ಟು ಒದ್ದೆಯಾಗಿತ್ತು. ಗೋಡೆ ಕರಗಿತು ಎಂದುಕೊಂಡೆ. ಎಸ್ನಾತ್ ಬಗ್ಗಿ ನಾನು ಒರಗಿದ್ದ ಜಾಗದ ಗೋಡೆಯನ್ನು ಅಂಗೈಯಿಂದ ಒರೆಸಿದಳು. ಕೈ ನೋಡಿಕೊಂಡಳು. ಮತ್ತೆ ನನ್ನ ಬೆನ್ನು, ಆಮೇಲೆ ಕುತ್ತಿಗೆ, ಆಮೇಲೆ ಹಣೆ. ಮಗಳಿಗೆ ಏನೋ ಹೇಳಿದಳು. ಅಲ್ಲಿಯತನಕ ನನ್ನೆದುರು ತುಟಿ ಬಿಚ್ಚದ ಆ ಹುಡುಗಿ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು.

ಅಂಗಳ ದಾಟಿ ಬಂದ ಮರ್ಸಿ ಅದನ್ನು ನನಗೆ ತಿಳಿಸಿದಳು, ನಾನು ಹಸೀನಾಬಿಗೆ ತಿಳಿಸಿದೆ: “ಗೋಡಿ ಬೆವತಿಲ್ಲಂತ. ನಾನ ಬೆವತೇನಂತ.”

ಎಸ್ನಾತ್ ತನ್ನ ಸೊಂಟದ ಬಟ್ಟೆಯಿಂದ ನನ್ನ ಬೆನ್ನು ಒರೆಸಿದಳು. ಆಮೇಲೆ ಇನ್ನೂ ಕದವಿಲ್ಲದ ಬಾಗಿಲಲ್ಲಿ ಹೋಗಿ ನಿಂತು, ಪಡಸಾಲೆಯಲ್ಲಿ ಮುದುಡಿ ಕೂತಿದ್ದ ಉಳಿದ ಬಸುರಿಯರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಕರೆದಳು.